ಐವತ್ತೆಂಟು ಚುಕ್ಕೆ

ನನ್ನ ಅಣ್ಣನನ್ನು ಟೀಮಿನಿಂದ ಕಳಿಸಿಬಿಡಬಹುದು ಎಂದು ಬರೆದುಕೊಟ್ಟ ಮನುಷ್ಯನ ಮೇಲೆ ನನಗೆ ಪ್ರೀತಿ ಇದೆ ಎಂದು ಆ ಸೋಮವಾರ ಬೆಳಿಗ್ಗೆ ಯಾರಾದರೂ ಹೇಳಿದ್ದರೆ, ಕೈಯಲ್ಲಿದ್ದ ಪೆನ್ಸಿಲ್ಲಿನಿಂದಲೇ ಅವರನ್ನು ಚುಚ್ಚಿಬಿಡುತ್ತಿದ್ದೆ. ನಿಜ ಹೇಳಬೇಕೆಂದರೆ ಆ ಪ್ರೀತಿ ಶುರುವಾಗಿ ಆಗಲೇ ನಾಲ್ಕು ತಿಂಗಳಾಗಿತ್ತು. ಅದಕ್ಕೇ ಅಷ್ಟು ಸಿಟ್ಟು ಬಂದದ್ದು.

ಆ ಕಾಗದ ಕ್ಲಬ್ಬಿನ ಪ್ರಿಂಟರ್ ಮೇಲೆ ಇನ್ನೂ ಬಿಸಿಯಾಗಿ ಬಿದ್ದಿತ್ತು. ನಾನು ಹೋದದ್ದು ಹಿಂದಿನ ದಿನದ ಮ್ಯಾಚಿನ ಪಟ್ಟಿ ತರಲು. ಕಣ್ಣು ಬಿದ್ದದ್ದು ಮೂರು ಅಡ್ಡಹೆಸರಿನ ಮೇಲೆ. ಜಿರಾಫೆ: ಉಳಿಸಿಕೊಳ್ಳಬೇಕು. ಮೌನಿ: ಉಳಿಸಿಕೊಳ್ಳಬೇಕು. ಗೋಡೆ: ಕಳಿಸಬಹುದು.

ಗೋಡೆ ಎಂದರೆ ನನ್ನ ಅಣ್ಣ. ಆರು ಅಡಿ ಒಂಬತ್ತು ಅಂಗುಲ, ಮೂವತ್ತಮೂರು ವರ್ಷ. ಬಾಗಿಲು ದಾಟುವಾಗ ತಲೆ ತಗ್ಗಿಸಿ ತಗ್ಗಿಸಿ ಅಭ್ಯಾಸವಾಗಿ, ಈಗ ಬಾಗಿಲೇ ಇಲ್ಲದ ಕಡೆಯೂ ತಗ್ಗಿಸುತ್ತಾನೆ.

ನಮ್ಮ ಬಾಸ್ಕೆಟ್‌ಬಾಲ್ ಟೀಮಿನಲ್ಲಿ ರಿಂಗಿನ ಕೆಳಗೆ ನಿಲ್ಲುವ ಎತ್ತರದವರು ಈ ಮೂವರು. ಚೆಂಡು ತಟ್ಟಿಕೊಂಡು ಓಡುವ ಚುರುಕಿನವನು ಮಾತ್ರ ಒಬ್ಬನೂ ಇರಲಿಲ್ಲ. ಉತ್ತರದ ಕಡೆಯ ಒಂದು ಊರಿನ ಟೀಮಿನಲ್ಲಿ ಅಂಥವನಿದ್ದ. ನಿಮ್ಮ ಎತ್ತರದವರಲ್ಲಿ ಒಬ್ಬರನ್ನು ಕೊಡಿ, ಇವನನ್ನು ತೆಗೆದುಕೊಳ್ಳಿ ಎಂದು ಅವರು ಕೇಳಿದ್ದರು. ಶುಕ್ರವಾರ ಮಧ್ಯಾಹ್ನದೊಳಗೆ ಉತ್ತರ ಕೊಡಬೇಕಿತ್ತು. ಆ ಊರಿಗೆ ರೈಲಿನಲ್ಲಿ ಹನ್ನೊಂದು ಗಂಟೆಯ ದಾರಿ.

ನಾನು ಕಾಗದ ಹಿಡಿದುಕೊಂಡು ಸೀದಾ ವಿಡಿಯೋ ರೂಮಿಗೆ ನುಗ್ಗಿದೆ. ಅವರು ಕನ್ನಡಕ ಹಣೆಗೇರಿಸಿ, ಮೂರು ಪರದೆಗಳ ಮುಂದೆ ಬಾಳೆಹಣ್ಣು ಸುಲಿಯುತ್ತಾ ಕೂತಿದ್ದರು. ಟೀಮಿನ ಅಂಕಿಅಂಶ ನೋಡಿಕೊಳ್ಳುವವರು. ಎಲ್ಲರೂ ಕರೆಯುವುದು ದಶಾಂಶ ಎಂದು. 'ಮಳೆ ಬರುತ್ತಾ' ಎಂದು ಕೇಳಿದರೂ 'ಸೊನ್ನೆ ಪಾಯಿಂಟ್ ನಾಲ್ಕು' ಎನ್ನುವ ಜಾತಿ.

"ಇದು ನೀವು ಬರೆದದ್ದಾ?"

"ಹೌದು."

"ನಿಮಗೆ ಕಣ್ಣು ಕಾಣ್ಸುತ್ತಾ? ಕನ್ನಡಕ ಇರೋದು ಹಣೆಗಾ, ಕಣ್ಣಿಗಾ?"

ಅವರು ಕನ್ನಡಕ ಇಳಿಸಿಕೊಂಡು ನನ್ನನ್ನು ನೋಡಿದರು. ಆ ನೋಟ ನನಗೆ ಗೊತ್ತು. ಬೇರೆ ದಿನವಾಗಿದ್ದರೆ ಅದರಲ್ಲೇ ಸಂಜೆಯವರೆಗೆ ತೇಲುತ್ತಿದ್ದೆ.

"ಗೋಡೆಗೆ ಒಂದು ಮ್ಯಾಚಿಗೆ ಐದು ಪಾಯಿಂಟ್ ಎಂಟು ರೀಬೌಂಡ್. ಜಿರಾಫೆಗೆ ಎಂಟು ಪಾಯಿಂಟ್ ಒಂದು," ಎಂದರು ಮೆತ್ತಗೆ. "ಈ ಅಂಕಿ ನಂದಲ್ಲ ಮೇಡಂ. ನಿಮ್ಮ ಪುಸ್ತಕದ್ದು."

ಕಾಗದವನ್ನು ಅವರ ಬಾಳೆಹಣ್ಣಿನ ಪಕ್ಕ ಇಟ್ಟು ಹೊರಗೆ ಬಂದೆ.

ನಾನು ಟೀಮಿನ ಸ್ಕೋರರ್. ಅಂಕಣದ ಪಕ್ಕದ ಉದ್ದ ಟೇಬಲ್ಲಿನ ಹಿಂದೆ ಕೂತು, ಯಾರು ಹಾಕಿದರು, ಯಾರು ತಪ್ಪಿಸಿದರು, ಎಲ್ಲ ಪೆನ್ಸಿಲ್ಲಿನಲ್ಲಿ ಬರೆಯುವವಳು. ಕೋಚ್ ನನ್ನನ್ನು ಕರೆಯುವುದೇ ಪೆನ್ಸಿಲ್ ಎಂದು. ರಿಂಗಿಗೆ ಬಡಿದು ವಾಪಸ್ಸು ಬರುವ ಚೆಂಡನ್ನು ಯಾರು ಹಿಡಿದರೋ ಅವರ ಸಾಲಿನಲ್ಲಿ ಒಂದು ಗೀಟು. ಅದೇ ರೀಬೌಂಡ್. ಒಬ್ಬನೇ ಹಿಡಿದರೆ ಸುಲಭ. ನಮ್ಮವರೇ ಇಬ್ಬರು ಒಟ್ಟಿಗೆ ಹಾರಿ ನಾಲ್ಕು ಕೈ ಮೇಲೆ ಹೋದರೆ, ಯಾರದೆಂದು ಕಣ್ಣು ಮಿಟುಕಿಸುವುದರೊಳಗೆ ತೀರ್ಮಾನ ಮಾಡಬೇಕು. ಅಂಥ ಗೀಟಿನ ಪಕ್ಕ ನಾನೊಂದು ಸಣ್ಣ ಚುಕ್ಕೆ ಇಡುತ್ತೇನೆ. ಅನುಮಾನದ ಚುಕ್ಕೆ. ಯಾರೂ ಹೇಳಿಕೊಟ್ಟದ್ದಲ್ಲ, ನನ್ನದೇ ಅಭ್ಯಾಸ.

ಸ್ಕೋರರ್ ಚಪ್ಪಾಳೆ ತಟ್ಟುವಂತಿಲ್ಲ, ಕೂಗುವಂತಿಲ್ಲ. ಆರು ವರ್ಷದಲ್ಲಿ ಅಣ್ಣನಿಗೆ ನಾನು ಒಂದೇ ಒಂದು ಸಲವೂ ಚಪ್ಪಾಳೆ ತಟ್ಟಿಲ್ಲ. ಕೆಲಸಕ್ಕೆ ಸೇರಿದ ದಿನ ಯಾರೋ ಹಿಂದಿನಿಂದ, "ಅಣ್ಣ ಒಳಗೆ, ತಂಗಿ ಟೇಬಲ್ಲಲ್ಲಿ. ಇನ್ನೇನು, ಮನೆ ಅಡುಗೆ, ಬೇಕಾದಷ್ಟು ಬಡಿಸ್ಕೊಳ್ಳಿ" ಎಂದಿದ್ದರು. ಆ ಮಾತು ಕಿವಿಯಿಂದ ಇಳಿಯಲೇ ಇಲ್ಲ.

ದಶಾಂಶರಿಗೂ ನನಗೂ ಮಾತು ಶುರುವಾದದ್ದೇ ಆ ಚುಕ್ಕೆಯಿಂದ. ಅವರು ಹೊಸದಾಗಿ ಬಂದಿದ್ದರು. ಪುಸ್ತಕದ ಮೇಲೆ ಬಗ್ಗಿ, "ಇದೇನು, ಅಲ್ಲಲ್ಲಿ ಇರುವೆ ಸತ್ತಿದೆ?" ಎಂದರು.

"ಪೆನ್ಸಿಲ್ ಊರಿದ್ದು," ಎಂದೆ.

"ಇಷ್ಟು ದುಂಡಗೆ ಊರುತ್ತಾ?"

"ನನ್ನ ಪೆನ್ಸಿಲ್ ಹಾಗೇ. ನಿಮಗೇನು ತೊಂದರೆ?"

"ತೊಂದರೆ ಇಲ್ಲ. ಚೆನ್ನಾಗಿದೆ," ಎಂದರು. ಹೇಳಿದ್ದು ಚುಕ್ಕೆಗೋ ನನಗೋ ಗೊತ್ತಾಗಲಿಲ್ಲ. ಗೊತ್ತಾಗದೇ ಇದ್ದದ್ದಕ್ಕೇ ಎರಡು ದಿನ ಖುಷಿಯಾಗಿದ್ದೆ. ಆಮೇಲೆ ಪ್ರತಿ ಸೋಮವಾರ ಪುಸ್ತಕ ತೆಗೆದುಕೊಂಡು ಹೋಗುವಾಗ, "ಇರುವೆಗಳು ಕ್ಷೇಮವಾ?" ಎಂದು ಕೇಳುತ್ತಿದ್ದರು. ನಾನು ಮುಖ ಗಂಟಿಕ್ಕಿಕೊಂಡು ಕೊಡುತ್ತಿದ್ದೆ. ಗಂಟಿನೊಳಗೆ ನಗು ಇತ್ತು.

ಈಗ ಅದೇ ಪುಸ್ತಕ ನನ್ನ ಅಣ್ಣನ ಗಂಟುಮೂಟೆ ಕಟ್ಟಿಸುತ್ತಿತ್ತು.

ಮಂಗಳವಾರ, ಬುಧವಾರ ಎರಡೂ ದಿನ ಮೀಟಿಂಗು. ಮ್ಯಾನೇಜರ್ ಮೇಡಂ ಬೋರ್ಡಿನ ಮೇಲೆ ಮೂವರ ಹೆಸರು ಬರೆದು, ಉಳಿಯುವವರಿಗೆ ಹಸಿರು ಅಯಸ್ಕಾಂತ, ಹೋಗುವವರಿಗೆ ಕೆಂಪು ಎಂದು ಆಟಕ್ಕಿಟ್ಟಂತೆ ಇಟ್ಟಿದ್ದರು. ನಾನು ಮೂಲೆಯಲ್ಲಿ ಪುಸ್ತಕ ಹಿಡಿದು ಕೂತು, ಕೇಳಿದಾಗ ಅಂಕಿ ಓದುವುದು.

"ಜಿರಾಫೆಗೆ ಇಪ್ಪತ್ತೆರಡು ವರ್ಷ. ಇನ್ನೂ ಹತ್ತು ವರ್ಷ ಹಾರ್ತಾನೆ," ಎಂದರು ಮ್ಯಾನೇಜರ್ ಮೇಡಂ.

"ಹಾರ್ತಾನೆ ಸರಿ. ಎಲ್ಲಿ ಇಳೀತಾನೆ ಅಂತ ಅವನಿಗೇ ಗೊತ್ತಿರಲ್ಲ," ಎಂದರು ಕೋಚ್. "ಮೌನಿ ದೂರದಿಂದ ಎಸೀತಾನೆ. ಎತ್ತರದವರಲ್ಲಿ ಅಂಥವನು ಸಿಗೋದು ಕಷ್ಟ. ಗೋಡೆ ಇದ್ರೆ ಹುಡುಗರಿಗೆ ಧೈರ್ಯ. ಆದ್ರೆ ಧೈರ್ಯಕ್ಕೆ ಅಂಕಿ ಎಲ್ಲಿದೆ? ಪೆನ್ಸಿಲ್, ಗೋಡೇದು ಓದಮ್ಮ."

"ಐದು ಪಾಯಿಂಟ್ ಎಂಟು," ಎಂದೆ. ಕೆಂಪು ಅಯಸ್ಕಾಂತ ಅಣ್ಣನ ಹೆಸರಿನ ಹತ್ತಿರ ಸರಿಯಿತು. ದಶಾಂಶರು ತಲೆ ಎತ್ತಲಿಲ್ಲ. ನಾನೂ ಅವರ ಕಡೆ ನೋಡಲಿಲ್ಲ. ನೋಡಲಿಲ್ಲ ಎಂದು ಅವರಿಗೆ ಗೊತ್ತಾಗುವ ಹಾಗೆ ನೋಡಲಿಲ್ಲ.

ಮನೆಗೂ ಸುದ್ದಿ ಮುಟ್ಟಿತ್ತು. ಅತ್ತಿಗೆ ಶಾಲೆಯಲ್ಲಿ ಪಾಠ ಹೇಳುವವರು, ವರ್ಷದ ಮಧ್ಯೆ ಬಿಟ್ಟು ಹೋಗುವ ಹಾಗಿಲ್ಲ. ಅಂದರೆ ಅಣ್ಣ ಒಬ್ಬನೇ ಹೋಗಬೇಕು. ಅಪ್ಪ ಅಮ್ಮ ತೀರಿಕೊಂಡ ಮೇಲೆ ನನ್ನನ್ನು ಓದಿಸಿದವನು ಅವನು. ಅವನಿಲ್ಲದ ಮನೆಯನ್ನು ನಾನು ಒಂದು ದಿನವೂ ಊಹಿಸಿಕೊಂಡಿರಲಿಲ್ಲ.

ಬುಧವಾರ ಸಂಜೆ ಅಣ್ಣ ನಡುಮನೆಯಲ್ಲಿ ಬೆನ್ನು ಬಗ್ಗಿಸಿ ಕುದುರೆಯಾಗಿದ್ದ. ಮೇಲೆ ನಾಲ್ಕು ವರ್ಷದ ಪುಟ್ಟಿ.

"ಅತ್ತೇ, ಅಪ್ಪ ರೈಲಲ್ಲಿ ಹೋಗ್ಬಿಟ್ರೆ ನನ್ನ ಕುದುರೆ ಯಾರು?" ಎಂದಳು ನನ್ನನ್ನು ನೋಡಿ.

"ನಾನು."

"ನೀನು ಕುಳ್ಳಿ. ನೀನು ಕತ್ತೆ ಆಗ್ಬಹುದು ಅಷ್ಟೇ."

ಅಣ್ಣ ನಕ್ಕ. ಅತ್ತಿಗೆ ನಗಲು ಹೋಗಿ ಅಡುಗೆಮನೆಗೆ ಎದ್ದು ಹೋದರು. ನಾನು ಅವರ ಹಿಂದೆ ಹೋಗಿ ಸಿಂಕಿನ ಹತ್ತಿರ ನಿಂತೆ.

"ಆ ಕನ್ನಡಕದವರು ಬರೆದದ್ದಂತೆ, ಹೌದಾ?" ಎಂದರು ಅತ್ತಿಗೆ.

"ಹೂಂ."

"ನಿನಗೆ ಅವರ ಮೇಲೆ..."

"ಅತ್ತಿಗೆ, ಸುಮ್ನಿರಿ."

"ನಾನೇನೂ ಹೇಳ್ಲಿಲ್ಲಮ್ಮ. ಕುಂಬಳಕಾಯಿ ಕಳ್ಳ ಅಂದ್ರೆ ನೀನ್ಯಾಕೆ ಹೆಗಲು ಮುಟ್ಟಿ ನೋಡ್ಕೋತೀಯ?" ಎಂದು ಕಣ್ಣು ಒರೆಸಿಕೊಂಡೇ ನಕ್ಕರು.

ಗುರುವಾರ ಮಧ್ಯಾಹ್ನ ಪ್ರಾಕ್ಟೀಸ್ ಮುಗಿದು ಕ್ರೀಡಾಂಗಣ ಖಾಲಿಯಾಗಿತ್ತು. ಎತ್ತರದ ಕಿಟಕಿಗಳಿಂದ ಬಿಸಿಲು ಮರದ ನೆಲದ ಮೇಲೆ ಚೌಕಚೌಕವಾಗಿ ಬಿದ್ದಿತ್ತು. ನಾನು ನನ್ನ ಟೇಬಲ್ಲಿನಲ್ಲಿ ಕೂತು ಮುಂದಿನ ಮ್ಯಾಚಿಗೆ ಪುಟಗಳಿಗೆ ಗೆರೆ ಎಳೆಯುತ್ತಿದ್ದೆ. ದಶಾಂಶರು ಎದೆಗೆ ನನ್ನ ಹಳೆಯ ಪುಸ್ತಕ, ಬಗಲಿಗೆ ಲ್ಯಾಪ್‌ಟಾಪ್ ಅಪ್ಪಿಕೊಂಡು ಬಂದರು. ಕಣ್ಣು ಕೆಂಪಗಿತ್ತು. ಅಂಗಿಯ ಗುಂಡಿ ಒಂದು ಮನೆ ತಪ್ಪಿ ಹಾಕಿಕೊಂಡಿದ್ದರು.

"ಜಗಳ ಆಮೇಲೆ ಆಡಿ. ಮೊದಲು ಇದನ್ನ ನೋಡಿ," ಎಂದರು.

"ನಾನು ಜಗಳ ಆಡಲ್ಲ. ನಿಮ್ಮ ಹತ್ತಿರ ಮಾತೇ ಆಡಲ್ಲ."

"ಸರಿ, ಮಾತಾಡ್ಬೇಡಿ. ಕೇಳಿಸ್ಕೊಳ್ಳಿ. ಇಪ್ಪತ್ತಾರು ಮ್ಯಾಚಿನಲ್ಲಿ ನಿಮ್ಮ ಚುಕ್ಕೆ ಐವತ್ತೆಂಟು. ಜಿರಾಫೆ ಸಾಲಲ್ಲಿ ನಲವತ್ತಾರು. ಮೌನಿ ಸಾಲಲ್ಲಿ ಹನ್ನೆರಡು." ಪುಸ್ತಕ ತೆರೆದು ತೋರಿಸಿದರು. "ನಿಮ್ಮಣ್ಣನ ಸಾಲಲ್ಲಿ ಒಂದೂ ಇಲ್ಲ."

ನಾನು ಗೆರೆ ಎಳೆಯುವುದು ನಿಲ್ಲಿಸಿದೆ.

"ಐವತ್ತೆಂಟನ್ನೂ ವಿಡಿಯೋದಲ್ಲಿ ನಿಧಾನಕ್ಕೆ ಹಾಕಿ ನೋಡಿದೆ. ನಲವತ್ತೊಂದು ನಿಮ್ಮಣ್ಣಂದು. ಬರೀ ಅವನದ್ದು. ನೋಡಿ."

ನೋಡಿದೆ. ಚೆಂಡು ರಿಂಗಿನಿಂದ ಚಿಮ್ಮುತ್ತದೆ, ಅಣ್ಣನ ದೊಡ್ಡ ಕೈ ಅದನ್ನು ಹಿಡಿಯುತ್ತದೆ, ಆಮೇಲೆ ಜಿರಾಫೆಯ ಕೈ ಬಂದು ಮೇಲೆ ಕೂರುತ್ತದೆ. ಇನ್ನೊಂದು. ಮತ್ತೊಂದು. ಒಂದರಲ್ಲಂತೂ ಅಣ್ಣ ಹಿಡಿದು ಜಿರಾಫೆಗೆ ಕೊಟ್ಟೇಬಿಟ್ಟಿದ್ದ. ನಾನು ಚುಕ್ಕೆಯಿಟ್ಟು ಜಿರಾಫೆಯ ಲೆಕ್ಕಕ್ಕೆ ಬರೆದಿದ್ದೆ.

ಬೇಕೆಂದು ಮಾಡಿದ್ದಲ್ಲ. ದೇವರಾಣೆ. ಅನುಮಾನ ಬಂದ ಕಡೆಯಲ್ಲೆಲ್ಲ, ಅಣ್ಣನಿಗೆ ಬರೆದರೆ ಜನ ಏನೆನ್ನುತ್ತಾರೋ ಎಂದು ಕೈ ತಾನಾಗಿ ಪಕ್ಕದ ಸಾಲಿಗೆ ಹೋಗಿತ್ತು. ನಾನು ಅದನ್ನೇ ಪ್ರಾಮಾಣಿಕತೆ ಎಂದುಕೊಂಡು ಆರು ವರ್ಷ ತಲೆ ಎತ್ತಿ ಓಡಾಡಿದ್ದೆ. ಅಣ್ಣ ಹಿಡಿದದ್ದನ್ನು ಅಣ್ಣನಿಂದಲೇ ಕಿತ್ತು ಹಂಚಿದ್ದೆ. ಕಣ್ಣು ತುಂಬಿಕೊಂಡು ಗೆರೆಯೆಲ್ಲ ಸೊಟ್ಟ ಕಾಣಿಸಿತು.

"ಸರಿಪಡಿಸಿದ್ರೆ ಗೋಡೆಗೆ ಏಳು ಪಾಯಿಂಟ್ ನಾಲ್ಕು. ಜಿರಾಫೆ ಆರು ಪಾಯಿಂಟ್ ಎಂಟಕ್ಕೆ ಇಳೀತಾನೆ," ಎಂದರು. "ನಾನು ನನ್ನ ವರದಿ ವಾಪಸ್ ತಗೋತೀನಿ. ಯಾಕೆ ಅಂತ ಕೇಳಿದ್ರೆ ನನ್ನ ತಪ್ಪು ಅಂತೀನಿ. ನಿಮ್ಮ ಚುಕ್ಕೆ ವಿಷಯ ಎತ್ತಲ್ಲ."

"ನಿಮ್ಮ ತಪ್ಪು ಏನಿದೆ ಇದರಲ್ಲಿ?"

ಅವರು ಕನ್ನಡಕ ತೆಗೆದು, ಗುಂಡಿ ತಪ್ಪಿದ್ದ ಅಂಗಿಯ ಅಂಚಿನಲ್ಲಿ ಒರೆಸಿದರು. ಒರೆಸಿ ಮುಗಿದ ಮೇಲೂ ಒರೆಸಿದರು.

"ಇದೆ. ನಿಮ್ಮಣ್ಣ ಎದುರಾಳಿಗೆ ಅಡ್ಡ ನಿಂತು ನಮ್ಮವರಿಗೆ ಎಷ್ಟು ಸಲ ದಾರಿ ಮಾಡ್ಕೊಡ್ತಾನೆ ಅಂತ ನಾನೇ ಎಣಿಸಿಟ್ಟಿದ್ದೆ. ಆ ಲೆಕ್ಕದಲ್ಲಿ ಅವನೇ ಮೊದಲು. ವರದಿಗೆ ಸೇರಿಸ್ಲಿಲ್ಲ. ಸೇರಿಸಿದ್ರೆ, ಇವನು ಪೆನ್ಸಿಲ್‌ಗೋಸ್ಕರ ಹೀಗೆ ಬರೆದ ಅಂತಾರೆ ಅಂತ ಹೆದರಿದೆ."

"ನನಗೋಸ್ಕರ ಯಾಕಂತಾರೆ?"

"ಹಾಗಂದಿದ್ರೆ ಅದು ನಿಜವೇ ಆಗಿರ್ತಿತ್ತು. ಅದಕ್ಕೆ."

ಬಿಸಿಲಿನ ಚೌಕ ಅವರ ಬೂಟಿನವರೆಗೆ ಬಂದಿತ್ತು. ಅವರು ಅದನ್ನೇ ನೋಡಿಕೊಂಡು ಮಾತಾಡಿದರು.

"ವಿಡಿಯೋದ ಎಡಗಡೆ ಮೂಲೆಯಲ್ಲಿ ಟೇಬಲ್ ಕಾಣುತ್ತೆ. ಚೆಂಡು ನೋಡ್ಬೇಕಾದವನು ನಾಲ್ಕು ತಿಂಗಳಿಂದ ಆ ಮೂಲೆ ನೋಡ್ತಿದೀನಿ. ಕೊನೇ ಎರಡು ನಿಮಿಷದಲ್ಲಿ ನೀವು ಪೆನ್ಸಿಲ್ ಕಚ್ತೀರ. ನಿಮ್ಮಣ್ಣ ಬಿದ್ರೆ ಅರ್ಧ ಏಳ್ತೀರ, ಮತ್ತೆ ಕೂತ್ಕೋತೀರ. ಅಂಥದ್ದು ಒಂಬತ್ತು ಸಲ."

"ಒಂಬತ್ತು ಪಾಯಿಂಟ್ ಎಷ್ಟು?" ಎಂದೆ. ಅಳುತ್ತಲೇ ಕೇಳಿದ್ದರಿಂದ ತಮಾಷೆ ಸರಿಯಾಗಿ ಬರಲಿಲ್ಲ.

"ಪೂರ್ತಿ ಒಂಬತ್ತು. ನನಗೆ ನೀವಂದ್ರೆ ಇಷ್ಟ. ಇದನ್ನ ಇವತ್ತು ಹೇಳ್ಬಾರ್ದಿತ್ತು. ಉತ್ತರ ಬೇಡ. ಮೊದಲು ನಾಳೆ ಮುಗೀಲಿ."

ಅವರು ಹೋದ ಮೇಲೆ ನಾನೂ ಲೆಕ್ಕ ಹಾಕಿದೆ. ಅವರು ತಪ್ಪು ತಮ್ಮ ತಲೆಗೆ ಕಟ್ಟಿಕೊಂಡರೆ ಅವರ ಹೆಸರು ಹಾಳು. ನಾನು ಒಪ್ಪಿಕೊಂಡರೆ ನನ್ನ ಟೇಬಲ್ ಹೋಗುತ್ತದೆ. ಇಬ್ಬರೂ ಬಾಯಿ ಮುಚ್ಚಿಕೊಂಡರೆ ಅಣ್ಣ ಹೋಗುತ್ತಾನೆ. ನಿಜಕ್ಕೂ ಯೋಚಿಸುವುದಕ್ಕೆ ಏನೂ ಇರಲಿಲ್ಲ, ಭಯವಾಗುತ್ತಿತ್ತು ಅಷ್ಟೇ.

ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆಗೆ ಮೀಟಿಂಗು. ದಶಾಂಶರು ಬಾಯಿ ತೆರೆಯುವ ಮೊದಲೇ ನಾನು ಎದ್ದು ನಿಂತೆ.

"ಮೇಡಂ, ಐದು ಪಾಯಿಂಟ್ ಎಂಟು ಸುಳ್ಳು. ನಾನು ತಪ್ಪು ಬರೆದಿದೀನಿ."

ಎಲ್ಲವನ್ನೂ ಹೇಳಿದೆ. ಚುಕ್ಕೆ, ಐವತ್ತೆಂಟು, ನಲವತ್ತೊಂದು, ಪಕ್ಕದ ಸಾಲು. ದಶಾಂಶರು ಎದ್ದು, "ನಾನೂ ಒಂದು ಲೆಕ್ಕ ಬಚ್ಚಿಟ್ಟಿದ್ದೆ," ಎಂದು ತಮ್ಮದನ್ನೂ ಹೇಳಿದರು. ಕಾರಣ ಮಾತ್ರ ಹೇಳಲಿಲ್ಲ. ಹೇಳದಿದ್ದರೂ ಕಿವಿ ಕೆಂಪಾಗಿ ಎಲ್ಲರಿಗೂ ಹೇಳಿತು.

ಮ್ಯಾನೇಜರ್ ಮೇಡಂ ಪೆನ್ನು ಕೆಳಗಿಟ್ಟರು. "ಸಂಬಂಧಿಕರಿಗೆ ಜಾಸ್ತಿ ಬರೆದವರನ್ನ ನೋಡಿದೀನಿ. ಕಡಿಮೆ ಬರೆದವರನ್ನ ಇವತ್ತೇ ನೋಡಿದ್ದು."

ಕೋಚ್ ಗಹಗಹಿಸಿ ನಕ್ಕರು. "ಹಿತ್ತಲ ಗಿಡ ಮದ್ದಲ್ಲ ಅಂತ ಗಾದೆ ಕೇಳಿದ್ದೆ. ನೀನು ಗಿಡಾನೇ ಪಕ್ಕದ ಮನೆಗೆ ನೆಟ್ಟು ಬಂದೆಯಲ್ಲಮ್ಮ!" ಎದ್ದು ಬೋರ್ಡಿನ ಮೇಲಿದ್ದ ಮೂರೂ ಅಯಸ್ಕಾಂತ ಕಿತ್ತು ಮೇಜಿನ ಮೇಲೆ ಹಾಕಿದರು. "ಈ ಅಂಕಿ ನಂಬ್ಕೊಂಡು ಮೂರು ದಿನ ಕಿತ್ತಾಡಿದ್ವಿ. ಸಾಕು. ಮೂವರನ್ನೂ ಒಳಗೆ ಕರೀರಿ. ಒಂದು ಸಲ ಅವರನ್ನೇ ಕೇಳೋಣ."

ಮೂವರು ಬಂದು ಬಾಗಿಲ ಪಕ್ಕ ಸಾಲಾಗಿ ನಿಂತರು. ರೂಮು ಇದ್ದಕ್ಕಿದ್ದಂತೆ ಚಿಕ್ಕದಾಯಿತು. ಕೋಚ್ ವಿಷಯ ಹೇಳಿ, ಯಾರಿಗೇನು ಅನ್ನಿಸುತ್ತದೆ ಎಂದು ಕೇಳಿದರು. ಜಿರಾಫೆ ಉಗುರು ಕಚ್ಚಿದ. ಅಣ್ಣ, "ಹುಡುಗರು ಉಳೀಲಿ, ನಾನು ಹೋಗ್ತೀನಿ" ಎನ್ನಲು ಬಾಯಿ ತೆರೆದ. ಅದು ನನಗೆ ಅವನ ಮುಖದಲ್ಲೇ ಕಾಣಿಸಿತು.

ಅಷ್ಟರಲ್ಲಿ ಮೌನಿ ಗಂಟಲು ಸರಿಮಾಡಿಕೊಂಡ. ಈ ಮನುಷ್ಯ ಇಡೀ ಸೀಸನ್ನಿನಲ್ಲಿ 'ನೀರು' ಎಂಬುದರ ಹೊರತು ಬೇರೇನಾದರೂ ಹೇಳಿದ್ದನ್ನು ಯಾರೂ ಕೇಳಿರಲಿಲ್ಲ.

"ನನ್ನ ಹೆಂಡತಿ ಅಲ್ಲಿ ನರ್ಸು," ಎಂದ. "ಮದುವೆಯಾಗಿ ಒಂದೂವರೆ ವರ್ಷ. ತಿಂಗಳಿಗೊಂದು ಸಲ ಹನ್ನೊಂದು ಗಂಟೆ ರೈಲಲ್ಲಿ ಕೂತು ಹೋಗ್ತೀನಿ. ನಾನು ಹೋಗ್ಲಾ?"

"ಅಯ್ಯಾ, ಇದನ್ನ ಮೊದಲೇ ಹೇಳೋಕೇನಾಗಿತ್ತು?" ಎಂದರು ಕೋಚ್.

"ನೀವು ಕೇಳ್ಲಿಲ್ಲ," ಎಂದ ಮೌನಿ. ಅಷ್ಟು ಹೇಳಿ ಮತ್ತೆ ಬಾಯಿಗೆ ಬೀಗ ಹಾಕಿಕೊಂಡ. ಆದರೆ ಮುಖ ಇಷ್ಟಗಲವಾಗಿತ್ತು.

ಹನ್ನೊಂದೂವರೆಗೆ ಮ್ಯಾನೇಜರ್ ಮೇಡಂ ಉತ್ತರದವರಿಗೆ ಫೋನ್ ಮಾಡಿ ಮುಗಿಸಿದರು. ದೂರದಿಂದ ಎಸೆಯುವ ಎತ್ತರದವನು ಎಂದಾಗ ಅವರು ಕುಣಿದಾಡಿಬಿಟ್ಟರಂತೆ. ಆಮೇಲೆ ಮೇಡಂ ನನ್ನ ಕಡೆ ತಿರುಗಿದರು.

"ಕೆಲಸದಿಂದ ತೆಗೆಯಲ್ಲ. ಆದ್ರೆ ಅಣ್ಣ ಆಡೋ ಮ್ಯಾಚಿಗೆ ನೀವಿನ್ನು ಟೇಬಲ್ಲಲ್ಲಿ ಕೂರೋ ಹಾಗಿಲ್ಲ. ಭಾನುವಾರ ದಶಾಂಶ ಬರೀತಾರೆ. ಬೇಜಾರಾ?"

"ಇಲ್ಲ ಮೇಡಂ," ಎಂದೆ. ಆಶ್ಚರ್ಯವೆಂದರೆ ಬೇಜಾರಾಗಿರಲಿಲ್ಲ. ಆರು ವರ್ಷ ಹೊತ್ತದ್ದನ್ನು ಯಾರೋ ಹೆಗಲಿನಿಂದ ಇಳಿಸಿಕೊಂಡಂತಿತ್ತು.

ಹೊರಗೆ ಅಣ್ಣ ಕಾಯುತ್ತಿದ್ದ. ಏನಾದರೂ ದೊಡ್ಡ ಮಾತು ಹೇಳುತ್ತಾನೆ ಎಂದುಕೊಂಡೆ. ನನ್ನ ತಲೆಯ ಮೇಲೆ ಕೈಯಿಟ್ಟು, "ನಲವತ್ತೊಂದೇನೇ? ನಾನು ಇಪ್ಪತ್ತಿರಬಹುದು ಅಂದ್ಕೊಂಡಿದ್ದೆ," ಎಂದ.

"ನಿನಗೆ ಗೊತ್ತಿತ್ತಾ?"

"ಚೆಂಡು ಹಿಡಿದವನಿಗೆ ಗೊತ್ತಾಗಲ್ವೇನೇ, ಪೆದ್ದಿ?"

"ಮತ್ತೆ ಯಾಕೋ ಹೇಳ್ಲಿಲ್ಲ?"

"ನೀನು ಅಷ್ಟು ಗಂಭೀರವಾಗಿ ಕೂತು ಬರೀತಿದ್ದೆ. ಹೇಗೆ ಹೇಳ್ಲಿ?"

ಅಲ್ಲೇ ಮೆಟ್ಟಿಲ ಮೇಲೆ ಕೂತು ಮನಸಾರೆ ಅತ್ತೆ. ಅಣ್ಣ ಶಾಲೆಯಲ್ಲಿದ್ದ ಅತ್ತಿಗೆಗೆ ಫೋನ್ ಮಾಡಿದ. ಪುಟ್ಟಿಯೂ ಅಲ್ಲೇ ಶಿಶುವಿಹಾರದಲ್ಲಿದ್ದಳು. ಆ ಕಡೆಯಿಂದ ಪುಟ್ಟಿ "ಕುದುರೇ!" ಎಂದು ಕಿರುಚಿದ್ದು ನನಗೂ ಕೇಳಿಸಿತು.

ಭಾನುವಾರ ನಾನು ಮೊದಲ ಸಲ ಮೇಲೆ ಜನರ ಮಧ್ಯೆ ಕೂತೆ. ಒಂದು ಪಕ್ಕ ಅತ್ತಿಗೆ, ಇನ್ನೊಂದು ಪಕ್ಕ ಪುಟ್ಟಿ. ಕೈ ಎಲ್ಲಿಡಬೇಕೋ ಗೊತ್ತಾಗಲಿಲ್ಲ. ಆಟ ಶುರುವಾಗಿ ಮೂರನೇ ನಿಮಿಷಕ್ಕೆ ಚೆಂಡು ರಿಂಗಿಗೆ ಬಡಿದು ಚಿಮ್ಮಿತು. ಅಣ್ಣ ಹಾರಿ ಎರಡು ಕೈಯಲ್ಲಿ ಹಿಡಿದ.

"ಅಣ್ಣಾ!" ಎಂದು ಕೂಗಿದೆ. ಎಷ್ಟು ಜೋರಾಗಿ ಎಂದರೆ ಮುಂದಿನ ಸಾಲಿನ ಅಜ್ಜಿಯೊಬ್ಬರು ಬೆಚ್ಚಿ ತಿರುಗಿ ನೋಡಿದರು. ಅಣ್ಣ ಚೆಂಡು ಹಿಡಿದುಕೊಂಡೇ ಮೇಲೆ ನೋಡಿ ನಕ್ಕುಬಿಟ್ಟ. ಕೋಚ್ ತಲೆ ಚಚ್ಚಿಕೊಂಡರು. ನಾನು ಅಂಗೈ ಉರಿಯುವವರೆಗೆ ಚಪ್ಪಾಳೆ ತಟ್ಟಿದೆ.

ಅರ್ಧ ಆಟದ ಬಿಡುವಿನಲ್ಲಿ ಕೆಳಗಿಳಿದು ಟೇಬಲ್ಲಿಗೆ ಹೋದೆ. ದಶಾಂಶರು ನನ್ನ ಕುರ್ಚಿಯಲ್ಲಿ, ನನ್ನ ಪೆನ್ಸಿಲ್ ಹಿಡಿದು, ಪರೀಕ್ಷೆಗೆ ಕೂತವರಂತೆ ಬೆವರುತ್ತಿದ್ದರು. ಅಂಗಿಯ ಗುಂಡಿ ಈ ಸಲ ಸರಿಯಾಗಿತ್ತು.

"ಇರುವೆಗಳು ಕ್ಷೇಮವಾ?" ಎಂದೆ.

"ಒಂದೇ ಒಂದು. ಅದು ನಿಮ್ಮಣ್ಣನ ಸಾಲಲ್ಲಿ," ಎಂದರು. ತಲೆ ಎತ್ತಿದರು. ಆ ನೋಟ ಮತ್ತೆ ಅದೇ. ಈ ಸಲ ನಾನು ಕಣ್ಣು ತಪ್ಪಿಸಲಿಲ್ಲ. ಅವರೇ ಮೊದಲು ತಡವರಿಸಿ ಪೆನ್ಸಿಲ್ ಕೆಳಗೆ ಬೀಳಿಸಿದರು.

"ಗುರುವಾರ ಒಂದು ಮಾತು ಹೇಳಿದ್ರಿ. ಉತ್ತರ ಬೇಡ ಅಂದಿದ್ರಿ," ಎಂದೆ.

"ಈಗ ಬೇಕು."

"ಯೋಚನೆ ಮಾಡಿ. ನಾನು ಹೂಂ ಅಂದ್ರೆ ನಾಳೆ ನೀವೂ ಗೋಡೆಗೆ ಸಂಬಂಧಿಕರಾಗ್ತೀರ. ಈ ಕುರ್ಚಿ ನಿಮಗೂ ಹೋಗುತ್ತೆ."

"ಹೋಗ್ಲಿ. ಮೇಲೆ ನಿಮ್ಮ ಪಕ್ಕ ಜಾಗ ಇದ್ಯಾ?"

"ಪುಟ್ಟಿ ಕೂತಿದಾಳೆ. ತೊಡೆ ಮೇಲೆ ಕೂರಿಸ್ಕೋಬೇಕಾಗುತ್ತೆ. ಒದೀತಾಳೆ."

"ಒದೀಲಿ."

ಶಿಳ್ಳೆ ಕೇಳಿಸಿತು. ಆಟಗಾರರು ಒಳಗೆ ಬರುತ್ತಿದ್ದರು. ನಾನು ಬಗ್ಗಿ ಪೆನ್ಸಿಲ್ ಎತ್ತಿ ಅವರ ಕೈಗೆ ಕೊಟ್ಟೆ. ಬೆರಳು ತಾಗಿತು. ಇಬ್ಬರೂ ತೆಗೆಯಲಿಲ್ಲ.

"ಬರ್ಕೊಳ್ಳಿ," ಎಂದೆ.

"ಏನಂತ?"

"ಹೂಂ ಅಂತ. ಚುಕ್ಕೆ ಹಾಕ್ಬೇಡಿ."